ಶೃಂಗೇರಿಯಲ್ಲಿ ಸಿಕ್ಕಿದ ಗೈಡ್

ನಮ್ಮಪ್ಪ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳ ಏಜೆಂಟ್ ಆಗಿದ್ದ. ಜನರನ್ನು ಕೂಗಿ ಕರೆದು ಸೀಟು ತುಂಬಿಸುವುದು, ಬಸ್ಸನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದು, ಹೊರಡದಿದ್ದರೆ ಕಾದು ನಿಂತವರನ್ನು ಸಮಾಧಾನಪಡಿಸುವುದು ಅವನ ಕೆಲಸ. ಸಮಾಧಾನಪಡಿಸುವುದರಲ್ಲಂತೂ ಅವನನ್ನು ಮೀರಿಸುವವರು ಆ ತಾಲ್ಲೂಕಿನಲ್ಲೇ ಇರಲಿಲ್ಲ. ಶಿವಮೊಗ್ಗದ ಬಸ್ಸು ತೀರ್ಥಹಳ್ಳಿಯಲ್ಲಿ ಟೈರು ಬಿಚ್ಚಿಕೊಂಡು ಕೂತಿದೆ ಎಂದು ಫೋನು ಬಂದಿರುತ್ತಿತ್ತು. ಅಪ್ಪ ಮಾತ್ರ, "ಇಗಾ ಬಂತು ಮಾರಾಯ್ರೆ, ಹಾರ್ನ್ ಕೇಳ್ತಾ ಇಲ್ವಾ?" ಎನ್ನುತ್ತಿದ್ದ. ಜನ ಕಿವಿಗೊಟ್ಟು ಕೇಳಿ, "ಹೌದು ಹೌದು, ಕೇಳ್ತಾ ಇದೆ" ಎಂದು ಗಂಟುಮೂಟೆ ಎತ್ತಿಕೊಂಡು ನಿಲ್ಲುತ್ತಿದ್ದರು. ಅಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಮನೆಗೆ ಬಂದು ಅದನ್ನೇ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಗಣಿತದಲ್ಲಿ ಎಂ.ಎಸ್ಸಿ. ಮಾಡಿ ನರಸಿಂಹರಾಜಪುರದ ಒಂದು ಕಾಲೇಜಿನಲ್ಲಿ ಪಾರ್ಟ್‌ಟೈಮ್ ಪಾಠ ಹೇಳುತ್ತಿದ್ದೆ. ದಿನಾ ಕೊಪ್ಪದಿಂದ ಬಸ್ಸಿನಲ್ಲಿ ಹೋಗಿ ಬರುವುದು. ಏಜೆಂಟರ ಮಗಳು ಎಂದು ಯಾವ ಕಂಡಕ್ಟರೂ ಟಿಕೆಟ್ ಕೇಳುತ್ತಿರಲಿಲ್ಲ, ನಾನೂ ಏನೋ ಹಕ್ಕಿನವಳ ಹಾಗೆ ಮುಂದಿನ ಸೀಟಿನಲ್ಲೇ ಕೂರುತ್ತಿದ್ದೆ. ಆ ಓಡಾಟದ ನಡುವೆ, ಯಾರಿಗೂ ಹೆಚ್ಚು ಹೇಳದೆ, ದೂರದ ಒಂದು ದೊಡ್ಡ ಸಂಸ್ಥೆಯ ಪಿಎಚ್.ಡಿ.ಗೆ ಅರ್ಜಿ ಹಾಕಿದೆ. ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದೆ, ಸಂದರ್ಶನಕ್ಕೂ ಕೂತೆ. ಆಯ್ಕೆಯೂ ಆಯಿತು. ವಿಷಯ, ನ್ಯೂರಲ್ ನೆಟ್‌ವರ್ಕ್. ಓದುವಷ್ಟು ಕಾಲವೂ ತಿಂಗಳು ತಿಂಗಳು ಅವರೇ ದುಡ್ಡು ಕೊಡುತ್ತಾರೆ, ಇರಲು ಹಾಸ್ಟೆಲ್ಲನ್ನೂ ಕೊಡುತ್ತಾರೆ.

ಇಷ್ಟು ಹೊರಬಿದ್ದದ್ದೇ ತಡ, ಊರಿಗೆ ಊರೇ ನನ್ನ ಮೇಲೆ ಬಿತ್ತು.

ಮೊದಲು ತೊಡಕಾದದ್ದು ಹೆಸರಿನದು. ನರಸಿಂಹರಾಜಪುರದ ನಮ್ಮ ಸ್ಟಾಫ್‌ರೂಮಿನಲ್ಲಿ ಕನ್ನಡದ ಮೇಷ್ಟರೊಬ್ಬರಿದ್ದರು. ಕನ್ನಡದಲ್ಲಿ ಹೇಳಲಾಗದ ಮಾತೇ ಇಲ್ಲ ಎಂಬುದು ಅವರ ಹಠ. ನ್ಯೂರಲ್ ನೆಟ್‌ವರ್ಕ್ ಎಂದರೆ ನರಜಾಲ ಎಂದರು, ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಎಂದರೆ ಕೃತಕ ಬುದ್ಧಿ ಎಂದರು. ಆ ಎರಡು ಶಬ್ದಗಳು ಅದೇ ಸಂಜೆಯ ಬಸ್ಸು ಹತ್ತಿ ನನಗಿಂತ ಮೊದಲು ಕೊಪ್ಪ ತಲುಪಿದವು. ನಾನು ಬಸ್ಸು ಇಳಿಯುವ ಹೊತ್ತಿಗೆ, ಏಜೆಂಟರ ಮಗಳು ನರದ ಡಾಕ್ಟರಾಗುತ್ತಾಳೆ ಎಂದು ತೀರ್ಮಾನವಾಗಿತ್ತು. ಪಿಎಚ್.ಡಿ. ಮಾಡಿದರೆ ಡಾಕ್ಟರ್ ಎನ್ನುತ್ತಾರೆ ತಾನೇ, ಅದು ಇನ್ನಷ್ಟು ಗಟ್ಟಿಯಾಯಿತು.

ಮಾರನೆಯ ದಿನವೇ ಅಡಿಕೆ ಮಂಡಿಯವರೊಬ್ಬರು ನಮ್ಮ ಜಗಲಿಗೆ ಬಂದು ಬಲಗೈ ಚಾಚಿ ಕೂತರು.

"ಜೋಮು ಹಿಡೀತದೆ ಮಾರಾಯ್ತಿ. ನರದ್ದೇ ಅಂತ ಹೇಳ್ತಾರೆ. ನೀ ಒಂದು ಸಲ ನೋಡು."

ನಾನು ಇನ್ನೂ ಓದೇ ಇಲ್ಲ, ಓದುವುದೂ ಅದನ್ನಲ್ಲ ಎಂದೆ. ಅವರು ಕೈ ಹಿಂದೆ ತೆಗೆಯಲಿಲ್ಲ. ನನಗೂ ತಲೆ ಕೆಟ್ಟಿತು. ಕೈ ಹಿಡಿದು ಮಣಿಕಟ್ಟು ಅದುಮಿ, ಗಂಭೀರವಾಗಿ, "ಒಂದು ವಾರ ತಕ್ಕಡಿ ಮುಟ್ಟಬೇಡಿ" ಎಂದೆ. ಅವರಿಗೆ ವಾಸಿಯಾಗಿಬಿಡಬೇಕೇ! ಆಮೇಲೆ ಸೊಂಟ ಹಿಡಿದವರು, ಕತ್ತು ತಿರುಗದವರು, ನಿದ್ದೆ ಬಾರದವರು ಎಲ್ಲರೂ ಬರತೊಡಗಿದರು. ಅಮ್ಮ ಬಂದವರಿಗೆಲ್ಲ ಕಾಫಿ ಕೊಟ್ಟು ಸಾಕಾಗಿ, "ಇದೆಂತದೇ ಇದು, ನಮ್ಮನೆಯೇನು ಆಸ್ಪತ್ರೆಯಾ?" ಎಂದು ಒಳಗಿನಿಂದ ರೇಗುತ್ತಿದ್ದಳು.

ಎರಡನೆಯ ತೊಡಕು ದುಡ್ಡಿನದು. ಓದಲು ನಾವು ದುಡ್ಡು ಕಟ್ಟುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಓದುವವರಿಗೇ ದುಡ್ಡು ಕೊಡುತ್ತಾರೆ ಎಂದರೆ ಕೊಪ್ಪದಲ್ಲಿ ಯಾರಿಗೂ ನಂಬಿಕೆ ಬರಲಿಲ್ಲ. ಬಸ್‌ಸ್ಟ್ಯಾಂಡಿನೆದುರು ಫ್ಯಾನ್ಸಿ ಅಂಗಡಿ ಇಟ್ಟಿದ್ದ ಸಾಹೇಬರು ಅಪ್ಪನ ಜೀವದ ಗೆಳೆಯರು. ಇಬ್ಬರೂ ದಿನಾ ಒಂದೇ ಚಹಾವನ್ನು ಅರ್ಧ ಅರ್ಧ ಕುಡಿಯುವವರು. ನಾನು ಬಳೆ ಕೊಳ್ಳಲು ಹೋದಾಗ ಅವರು ನನ್ನನ್ನು ಕೂರಿಸಿ, ದನಿ ತಗ್ಗಿಸಿ ಕೇಳಿದರು.

"ಮಗಾ, ಸರೀ ವಿಚಾರಿಸಿದೀಯಾ? ದುಡ್ಡೂ ಕೊಟ್ಟು, ಊಟಾನೂ ಹಾಕಿ, ನರದ ಪ್ರಯೋಗ ಅಂದ್ರೆ... ಯಾರ ನರ? ನಿಂದಲ್ಲ ತಾನೇ?"

ನಾನು ನಕ್ಕು ನಕ್ಕು ಬಳೆಯೊಂದನ್ನು ಒಡೆದೆ. ಅವರಿಗೆ ನಗು ಬರಲಿಲ್ಲ. ಒಡೆದ ಬಳೆಗೆ ದುಡ್ಡನ್ನೂ ತೆಗೆದುಕೊಳ್ಳದೆ, "ನಿಮ್ಮಪ್ಪನಿಗೆ ನಾ ಕೇಳ್ದೆ ಅಂತ ಹೇಳ್ಬೇಡ, ಗಾಬರಿ ಬೀಳ್ತಾರೆ" ಎಂದರು.

ಅಪ್ಪನಿಗೆ ನಾನೇ ಕೂರಿಸಿ ವಿವರಿಸಿದ್ದೆ. ನರ ಎಂದರೆ ಮನುಷ್ಯರ ನರ ಅಲ್ಲ, ಲೆಕ್ಕದ ನರ. ಯಂತ್ರಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಿಕೊಡುವುದಿಲ್ಲ. ಉದಾಹರಣೆ ತೋರಿಸುತ್ತಾ ಹೋಗುವುದು. ಅದು ತಪ್ಪು ಉತ್ತರ ಕೊಟ್ಟರೆ ಒಳಗಿನ ತೂಕಗಳನ್ನು ಒಂದಿಷ್ಟು ಬದಲಾಯಿಸುವುದು. ಹಾಗೆ ಬದಲಾಯಿಸುತ್ತ ಬದಲಾಯಿಸುತ್ತ ಅದು ತಾನೇ ಕಲಿಯುತ್ತದೆ.

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿದ.

"ತೂಕ ಬದಲಾಯಿಸೋದು ನಮ್ಮ ಮಂಡಿಯವರಿಗೆ ಆಗ್ಲೇ ಬರ್ತದಲ್ಲ," ಎಂದ. "ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು?"

ಹೀಗೆ, ಕೇಳಿದ್ದಕ್ಕೆಲ್ಲ ತಮಾಷೆ. ಹೋಗಲಾ ಎಂದರೆ ಮಾತ್ರ "ನೋಡುವ" ಎನ್ನುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಬೆಳೆದ ನನಗೆ ಅವನ "ನೋಡುವ" ಎಷ್ಟು ಬೆಲೆಯದು ಎಂದು ಗೊತ್ತಿತ್ತು. ಸೀಟಿಲ್ಲದ ಬಸ್ಸಿನಲ್ಲಿ ಸೀಟು ಕೇಳಿದವರಿಗೆ ಅವನು ಹೇಳುತ್ತಿದ್ದ ಮಾತೂ ಅದೇ.

ಅಪ್ಪನ ಒಪ್ಪಿಗೆ ಬೇಕೇ ಬೇಕಿತ್ತು. ಅದಕ್ಕೆ ಕಾರಣ ನನ್ನ ಗೈಡ್. ಪಿಎಚ್.ಡಿ. ಮಾಡಿಸುವ ಪ್ರೊಫೆಸರರಿಗೆ ಗೈಡ್ ಎನ್ನುತ್ತಾರೆ. ಮೈಸೂರು ಕಡೆಯ ಮನುಷ್ಯ, ಸಂದರ್ಶನದಲ್ಲಿ ನನ್ನ ಉತ್ತರಗಳಿಗೆ ತಲೆದೂಗಿದ್ದರು. ಆದರೆ ಒಂದು ಕರಾರು ಹಾಕಿದ್ದರು. ಅವರ ಹಿಂದಿನ ವಿದ್ಯಾರ್ಥಿನಿಯನ್ನು ಮನೆಯವರು ಮದುವೆ ಎಂದು ನಡುವೆಯೇ ಕರೆದುಕೊಂಡು ಹೋಗಿದ್ದರಂತೆ. ದುಡ್ಡು ಸಿಗುವ ಜಾಗ ಆ ವರ್ಷ ಇದ್ದದ್ದು ಒಂದೇ ಒಂದು. ಅದಕ್ಕೇ, "ನಿಮ್ಮ ತಂದೆಯವರು ಕಳಿಸ್ತೀನಿ ಅಂತ ನನ್ನೆದುರು ಬಾಯಿಬಿಟ್ಟು ಹೇಳ್ಬೇಕಮ್ಮ. ಇಲ್ಲದಿದ್ದರೆ ಈ ಜಾಗ ಮುಂದಿನವರಿಗೆ ಹೋಗುತ್ತೆ" ಎಂದಿದ್ದರು. ಅವರ ತಾಯಿಗೆ ಶಾರದೆಯ ದರ್ಶನ ಆಗಬೇಕಿತ್ತು. ಭಾನುವಾರ ಶೃಂಗೇರಿಗೆ ಬರುತ್ತೇವೆ, ಮಧ್ಯಾಹ್ನದವರೆಗೆ ಲಾಡ್ಜಿನಲ್ಲಿರುತ್ತೇವೆ, ಆಮೇಲೆ ಉಡುಪಿಗೆ ಹೊರಡುತ್ತೇವೆ, ಅಷ್ಟರೊಳಗೆ ತಂದೆಯವರನ್ನು ಕರೆದುಕೊಂಡು ಬಾ ಎಂದು ತಿಳಿಸಿದ್ದರು.

ಗೈಡ್ ಎಂಬ ಶಬ್ದವೇನೂ ನಮಗೆ ಹೊಸದಲ್ಲ. ಪರೀಕ್ಷೆಯ ಕಾಲದಲ್ಲಿ ಅಂಗಡಿಯಲ್ಲಿ ಸಿಗುವ, ಪ್ರಶ್ನೆಗೆಲ್ಲ ಉತ್ತರ ಬರೆದಿಟ್ಟ ಪುಸ್ತಕ ಗೈಡ್. ಶೃಂಗೇರಿಯಲ್ಲಿ ಉತ್ತರದ ಕಡೆಯ ಯಾತ್ರಿಕರಿಗೆ ಗುಡಿಯ ಕಂಬಗಳನ್ನು ತೋರಿಸಿ ಕಥೆ ಹೇಳುವವನೂ ಗೈಡ್. ನನ್ನ ಗೈಡ್ ಬರುತ್ತಾರೆ ಎಂದಾಗ ಅಮ್ಮ, "ಅಂಗಡೀಲಿ ಸಿಗ್ತದಲ್ಲ ಅದು?" ಎಂದಿದ್ದಳು. ಸರಿಮಾಡಿ ಹೇಳಿದ ಮೇಲೆ, ಬರಿಗೈಲಿ ಹೋಗಬಾರದು ಎಂದು ಹಲಸಿನ ಹಪ್ಪಳದ ದೊಡ್ಡ ಕಟ್ಟೊಂದನ್ನು ಪೇಪರಿನಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟಳು.

ಭಾನುವಾರ ಬೆಳಿಗ್ಗೆ ಅಪ್ಪ ಇಸ್ತ್ರಿ ಅಂಗಿ, ಬಿಳಿ ಪಂಚೆ ಉಟ್ಟು ಹೊರಟ. ನನಗೆ ಖುಷಿಯಾಯಿತು. ಬಸ್ಸಿನಲ್ಲಿ ಹರಿಹರಪುರ ದಾಟುವವರೆಗೂ ಡ್ರೈವರನ ಜೊತೆ ಹರಟಿದ. ಶೃಂಗೇರಿಯಲ್ಲಿ ಇಳಿದದ್ದೇ, "ನೀ ಹೋಗಿ ದೇವರಿಗೆ ಕೈಮುಗಿದು ಬಾ. ಇಂಥ ಕೆಲಸಕ್ಕೆ ಬಂದು ಶಾರದಮ್ಮನ್ನ ನೋಡ್ದೆ ಹೋದ್ರೆ ಆಗ್ತದಾ? ಅಷ್ಟರೊಳಗೆ ನಾ ನಿನ್ನ ಗೈಡನ್ನ ಹುಡುಕಿ ಮಾತಾಡಿಸಿರ್ತೇನೆ" ಎಂದ.

ಲಾಡ್ಜಿನ ಹೆಸರನ್ನು ಎರಡು ಸಲ ಹೇಳಿಕೊಟ್ಟು ನಾನು ಗುಡಿಗೆ ಹೋದೆ. ಅವತ್ತು ಎಲ್ಲಿಂದಲೋ ಎರಡು ಬಸ್ಸಿನಷ್ಟು ಯಾತ್ರಿಕರು ಬಂದಿದ್ದರು. ಸಾಲು ಹನುಮಂತನ ಬಾಲದ ಹಾಗೆ ಬೆಳೆದಿತ್ತು. ಕೈಮುಗಿದು ಹೊರಗೆ ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಓಡೋಡುತ್ತ ಲಾಡ್ಜಿಗೆ ಹೊರಟವಳು, ಬೀದಿಯ ತಿರುವಿನ ಹೋಟೆಲ್ಲಿನಿಂದ ಅಪ್ಪನ ದನಿ ಕೇಳಿ ನಿಂತೆ. ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಕೂಗಿ ಬಲಿತ ದನಿ ಅದು, ಗೋಡೆ ಅಡ್ಡ ಬಂದರೂ ನಿಲ್ಲುವುದಲ್ಲ.

ಬಾಗಿಲಿಗೆ ಹೋಗಿ ನೋಡಿದರೆ, ಅಪ್ಪನೆದುರು ಕೂತಿದ್ದವನು ಹಣೆತುಂಬ ಕುಂಕುಮ ಇಟ್ಟುಕೊಂಡು, ಕುರ್ಚಿಗೆ ಕೊಡೆ ನೇತುಹಾಕಿದ್ದ ಒಬ್ಬ ಗೈಡ್. ನನ್ನ ಗೈಡ್ ಅಲ್ಲ, ಗುಡಿ ತೋರಿಸುವ ಗೈಡ್. ನಮ್ಮ ಹಪ್ಪಳದ ಕಟ್ಟು ಅವನ ತೊಡೆಯ ಮೇಲಿತ್ತು.

"ನಾಲ್ಕೈದು ವರ್ಷ ನಿಮ್ಮ ಕೈಕೆಳಗೇ ಇರ್ತದಂತೆ ನಮ್ಮ ಕೂಸು," ಅಪ್ಪ ಹೇಳುತ್ತಿದ್ದ.

"ನನ್ನ ಕೈಕೆಳಗಾ?" ಗೈಡನ ಕಣ್ಣು ಅಗಲವಾಯಿತು. "ಎಂತಕ್ಕೆ ಏಜೆಂಟ್ರೇ?"

"ಅದೇ ನಂಗೂ ಗೊತ್ತಾಗದ್ದು. ತಿಂಗಳು ತಿಂಗಳು ದುಡ್ಡು ಬೇರೆ ಕೊಡ್ತೀರಂತೆ."

"ಯಾರು? ನಾನಾ?"

"ಮತ್ಯಾರು? ಇರೋದಕ್ಕೆ ಜಾಗ, ಊಟ, ಎಲ್ಲ ನಿಮ್ಮ ಕಡೆಯಿಂದಲೇ ಅಂತ ಕೂಸು ಹೇಳ್ತು."

ಗೈಡನಿಗೆ ಚಹಾ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ, ಎರಡೂ ಕೈ ಮುಗಿದ.

"ಏಜೆಂಟ್ರೇ, ನಂಗೆ ಹೆಂಡ್ತಿ ಇದಾಳೆ! ಮೂರು ಮಕ್ಕಳಿದಾವೆ!"

"ಇರಲಿ ಬಿಡಿ. ಅದಕ್ಕೂ ಇದಕ್ಕೂ ಎಂತ ಸಂಬಂಧ?" ಅಪ್ಪ ತಣ್ಣಗೆ ಕೇಳಿದ. "ನಿಮ್ಮ ಹತ್ರ ಹಿಂದೆಯೂ ಒಬ್ಬಳು ಹುಡುಗಿ ಇದ್ಲಂತಲ್ಲ. ಮಧ್ಯದಲ್ಲಿ ಬಿಟ್ಟುಹೋದ್ಲಂತೆ, ಪಾಪ ನಿಮಗೆ ಬಹಳ ಬೇಜಾರಾಗಿತ್ತಂತೆ."

"ಅಯ್ಯೋ ಶಾರದಾಂಬೆ! ಯಾವ ಹುಡುಗಿ? ಯಾರು ಹಬ್ಬಿಸಿದ್ದು ಇದನ್ನ?"

ಅಷ್ಟರಲ್ಲಿ ಹೋಟೆಲ್ಲಿನ ಗಲ್ಲಾದಲ್ಲಿದ್ದವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ್ದರು. ಬಡಿಸುವವನು ಸಾಂಬಾರಿನ ಬಕೆಟ್ಟು ಹಿಡಿದು ನಿಂತಲ್ಲೇ ನಿಂತಿದ್ದ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ. ಒಳಗೆ ಹೋಗಿ ತಡೆಯಬೇಕಿತ್ತು, ನಿಜ. ಆದರೆ ಹೊಟ್ಟೆಯಿಂದ ನಗು ಉಕ್ಕಿಬಂದು ಕಾಲೇ ಏಳಲಿಲ್ಲ.

"ನರದ ಕೆಲಸವಂತೆ," ಅಪ್ಪ ಬಿಡಲಿಲ್ಲ. "ಅದನ್ನಾದ್ರೂ ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ. ಹೆಣ್ಣು ಹೆತ್ತವನು ನಾನು."

ಗೈಡ್ ಎದ್ದೇಬಿಟ್ಟ. ಇನ್ನು ತಡಮಾಡಿದರೆ ಆ ಮನುಷ್ಯ ಅಳುತ್ತಾನೆ ಎನ್ನಿಸಿ ನಾನು ಒಳನುಗ್ಗಿ, "ಅಪ್ಪ, ಇವರಲ್ಲ! ನನ್ನ ಗೈಡ್ ಪ್ರೊಫೆಸರು! ಲಾಡ್ಜಿನಲ್ಲಿದಾರೆ ಅಂತ ಹೇಳಿರ್ಲಿಲ್ವಾ?" ಎಂದೆ.

"ಹೌದಾ?" ಅಪ್ಪ ನನ್ನನ್ನೂ ಗೈಡನನ್ನೂ ಬದಲಿಸಿ ಬದಲಿಸಿ ನೋಡಿದ. "ಗೈಡ್ ಅಂದ್ರೆ ಗೈಡೇ ಅಲ್ದಾ? ನಾ ಕೇಳ್ದೆ, ಹೌದು ಅಂದ್ರು."

ಹೋಟೆಲ್ಲಿಗೆ ಹೋಟೆಲ್ಲೇ ನಕ್ಕಿತು. ಗೈಡ್ ಮಾತ್ರ ನಗಲಿಲ್ಲ. ಕೊಡೆ ಎತ್ತಿಕೊಂಡು, ಹಪ್ಪಳದ ಕಟ್ಟನ್ನೂ ಬಗಲಿಗೆ ಸಿಕ್ಕಿಸಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹೊರಟುಹೋದ. ಹಪ್ಪಳ ವಾಪಸು ಕೇಳುವ ಧೈರ್ಯ ನಮಗೂ ಬರಲಿಲ್ಲ.

ಬಾ ಎಂದು ಎಳೆದರೆ ಅಪ್ಪನಿಗೆ ಹಸಿವು. ಅವಲಕ್ಕಿ ತರಿಸಿದ. ಅದಾದ ಮೇಲೆ ಬನ್ಸ್ ತರಿಸಿದ. ಇನ್ನೊಂದು ಚಹಾ. ಅದು ಮುಗಿದ ಮೇಲೆ, ಶೃಂಗೇರಿಗೆ ಬಂದು ಹೊಳೆಯ ಮೀನಿಗೆ ಮಂಡಕ್ಕಿ ಹಾಕದೆ ಹೋಗುವುದುಂಟೇ ಎಂದು ತುಂಗೆಯ ಕಡೆಗೇ ಹೆಜ್ಜೆ ಹಾಕಿದ.

"ಮೀನು ನಾಳೆಯೂ ಇರ್ತಾವೆ ಅಪ್ಪ! ಅವರು ಹೊರಟುಬಿಡ್ತಾರೆ!"

"ಹೊರಡ್ಲಿಕ್ಕೆ ಬಸ್ಸು ಬೇಕಲ್ಲ. ಉಡುಪಿ ಬಸ್ಸು ಯಾವತ್ತು ಟೈಮಿಗೆ ಹೊರಟದ್ದು? ಬಸ್ಸಿನ ವಿಷಯ ನಂಗೆ ಹೇಳ್ಬೇಡ ನೀನು."

ಅವನ ರಟ್ಟೆ ಹಿಡಿದು, ಬೀದಿಯಲ್ಲಿ ನೋಡುವವರು ನೋಡಿಕೊಳ್ಳಲಿ ಎಂದು, ಲಾಡ್ಜಿನವರೆಗೆ ದರದರ ಎಳೆದುಕೊಂಡು ಹೋದೆ. ಮ್ಯಾನೇಜರು ಬೀಗದ ಕೈ ಗೊಂಚಲನ್ನು ಮೊಳೆಗೆ ಹಾಕುತ್ತ, "ಮೈಸೂರಿನವರಾ? ಅಮ್ಮನ್ನ ಕರ್ಕೊಂಡು ಈಗಷ್ಟೇ ಬಸ್‌ಸ್ಟ್ಯಾಂಡಿಗೆ ಹೋದ್ರು. ಯಾರನ್ನೋ ಕಾಯ್ತಾ ಇದ್ರು ಬಹಳ ಹೊತ್ತು" ಎಂದರು.

ನನಗೆ ಅಳು ಬಂತು. ಓಡುತ್ತಲೇ ಅತ್ತೆ. ಅಪ್ಪ ಹಿಂದೆ ಬರುತ್ತಿದ್ದಾನೋ ಇಲ್ಲವೋ ಎಂದೂ ನೋಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಉಡುಪಿಯ ಬಸ್ಸು ತುಂಬಿ ಎಂಜಿನ್ ಗುರುಗುಡುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಪ್ರೊಫೆಸರರ ತಾಯಿ, ಆಚೆ ಅವರು. ಅವರಿನ್ನೂ ನನ್ನನ್ನು ನೋಡಿರಲಿಲ್ಲ. ಇನ್ನು ಹತ್ತು ಹೆಜ್ಜೆ ಹೋಗಿ ಕೂಗಿದರೆ ಸಾಕಿತ್ತು.

ಆಗಲೇ ಆ ಮಾತು ನನ್ನ ತಲೆಗೆ ಹೊಳೆದದ್ದು. ಏಜೆಂಟ್ರೇ.

ಗುಡಿ ತೋರಿಸುವ ಗೈಡ್ ಅಪ್ಪನನ್ನು ಏಜೆಂಟ್ರೇ ಎಂದು ಕರೆದಿದ್ದ. ಇಸ್ತ್ರಿ ಅಂಗಿ, ಬಿಳಿ ಪಂಚೆ ಉಟ್ಟ ಮನುಷ್ಯನ ಹಣೆಯ ಮೇಲೆ ಏಜೆಂಟ್ ಎಂದು ಬರೆದಿರುವುದಿಲ್ಲ. ಗೈಡನಿಗೆ ಅಪ್ಪ ಗೊತ್ತು. ಅಂದ ಮೇಲೆ ಅಪ್ಪನಿಗೂ ಅವನು ಗೊತ್ತು. ಗೊತ್ತಿಲ್ಲದೆ ಏನು? ಕೊಪ್ಪದಲ್ಲಿ ಇಳಿಯುವ ಗುಜರಾತಿಗಳನ್ನೂ ಮಾರ್ವಾಡಿಗಳನ್ನೂ ಶೃಂಗೇರಿ ಬಸ್ಸು ಹತ್ತಿಸಿ, ಅಲ್ಲಿ ಇಂಥ ಗೈಡನ್ನು ಕೇಳಿ ಎಂದು ಹೇಳಿ ಕಳಿಸುತ್ತಿದ್ದವನು ಇವನೇ. ನನ್ನ ಗೈಡ್ ಯಾರೆಂದೂ ಇವನಿಗೆ ಚೆನ್ನಾಗಿ ಗೊತ್ತಿತ್ತು, ಬಿಡಿಸಿ ಹೇಳಿದವಳು ನಾನೇ. ಹಿಂದಿನ ಹುಡುಗಿ ಮದುವೆಯಾಗಿ ಬಿಟ್ಟುಹೋದ ಕಥೆಯನ್ನೂ ಒಂದಕ್ಷರ ಮರೆಯದೆ ಆ ಬಡಪಾಯಿಯ ಮೇಲೆ ಪ್ರಯೋಗಿಸಿದ್ದ.

ತಿರುಗಿ ನಿಂತೆ. ಅಪ್ಪ ಏದುಸಿರು ಬಿಡುತ್ತ ಬಂದು ತಲುಪಿದ್ದ.

"ಆ ಗೈಡ್ ನಿಂಗೆ ಮೊದಲೇ ಗೊತ್ತು."

ಅಪ್ಪ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ.

"ಹೇಳು. ಗೊತ್ತು ತಾನೇ? ಬೇಕಂತಲೇ ಮಾಡಿದ್ದಲ್ವಾ? ಅವಲಕ್ಕಿ, ಬನ್ಸು, ಮೀನು, ಎಲ್ಲ?"

ತೀರ್ಥಹಳ್ಳಿಯಲ್ಲಿ ನಿಂತ ಬಸ್ಸಿನ ಹಾರ್ನು ಕೊಪ್ಪದವರಿಗೆ ಕೇಳಿಸುವ ಮನುಷ್ಯ. ನನ್ನೆದುರು ಒಂದು ಸುಳ್ಳೂ ಅವನ ಬಾಯಿಗೆ ಬರಲಿಲ್ಲ. ಪಂಚೆಯ ಅಂಚು ಹಿಡಿದುಕೊಂಡು, ನೆಲ ನೋಡುತ್ತ, "ಹೂಂ" ಎಂದ.

ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ನನ್ನನ್ನು ಇಷ್ಟು ದೂರ ಕರೆತಂದು, ನಗಿಸಿ, ಹೊತ್ತು ಕಳೆದು, ನನ್ನ ಜಾಗ ತಪ್ಪಿಸಲು ನೋಡಿದ್ದ. ಅವನ ಬಸ್ಸಿಗೆ ಕಾಯುವ ಪರದೇಶಿಗಳ ಲೆಕ್ಕಕ್ಕೆ ನನ್ನನ್ನೂ ಸೇರಿಸಿಬಿಟ್ಟಿದ್ದ. ಏನಾದರೂ ಕೆಟ್ಟದ್ದು ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

ನಾನು ಓಡಲಿಲ್ಲ. ಓಡಿದವನು ಅಪ್ಪ. ಪಂಚೆ ಮೇಲಕ್ಕೆ ಕಟ್ಟಿ, ಬಸ್ಸಿನ ಪಕ್ಕೆಗೆ ಎರಡೂ ಅಂಗೈಯಿಂದ ಧಬಧಬ ಬಡಿಯುತ್ತ, "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದ. ಆ ಕೂಗಿಗೆ ನಿಲ್ಲದ ಡ್ರೈವರ್ ನಮ್ಮ ಸೀಮೆಯಲ್ಲಿ ಯಾರಿದ್ದರು? ಬಸ್ಸು ಕಿರ್ರೆಂದು ನಿಂತಿತು. ಬಸ್‌ಸ್ಟ್ಯಾಂಡಿನ ಜನವೆಲ್ಲ ಏನೋ ಅನಾಹುತವಾಯಿತೆಂದು ಸುತ್ತ ಸೇರಿದರು.

ಪ್ರೊಫೆಸರು ತಾಯಿಯ ಮೇಲಿಂದ ಕಿಟಕಿಗೆ ಬಾಗಿ, ಹಿಂದೆ ನಿಂತಿದ್ದ ನನ್ನನ್ನು ಕಂಡರು.

"ನೀವು ಇವಳ ತಂದೆಯವರಾ? ಎಷ್ಟು ಹೊತ್ತು ಕಾದ್ವಿ ಗೊತ್ತಾ!"

"ತಡ ಆಯ್ತು ಸ್ವಾಮಿ," ಅಪ್ಪ ಕಿಟಕಿಯ ಸರಳು ಹಿಡಿದುಕೊಂಡ. "ಒಂದು ಮಾತು ಕೇಳ್ತೇನೆ. ಓದು ಮುಗಿದ ಮೇಲೆ ಇದು ಕೊಪ್ಪಕ್ಕೆ ವಾಪಸ್ ಬರ್ತದಾ?"

ಪ್ರೊಫೆಸರು ಹೌದು ಎನ್ನಬಹುದಿತ್ತು. ಅಷ್ಟೊಂದು ಜನರೆದುರು, ಎಂಜಿನ್ ಉರಿಯುತ್ತಿರುವಾಗ, ಬೇರೆ ಯಾರಾದರೂ ಹಾಗೇ ಎನ್ನುತ್ತಿದ್ದರು. ಅವರು ಮಾತ್ರ, "ಹಬ್ಬಕ್ಕೆ ಬರ್ತಾಳೆ. ಆದರೆ ಇವಳು ಮಾಡೋ ಕೆಲಸ ಕೊಪ್ಪದಲ್ಲಿ ಇರೋದಿಲ್ಲ ರಾಯರೇ. ಸುಳ್ಳು ಯಾಕೆ ಹೇಳಲಿ?" ಎಂದರು.

"ಹಾಗಾ," ಎಂದ ಅಪ್ಪ.

ಹಿಂದಿನ ಸೀಟಿನಿಂದ ಯಾರೋ, "ಎಂತ ಏಜೆಂಟ್ರೇ, ಹೆಣ್ಣು ಕೇಳ್ತಾ ಇದೀರೋ ಕೊಡ್ತಾ ಇದೀರೋ? ಬೇಗ ಮುಗ್ಸಿ ಮಾರಾಯ್ರೆ!" ಎಂದು ಕೂಗಿದರು. ಬಸ್ಸಿನವರೆಲ್ಲ ನಕ್ಕರು. ಡ್ರೈವರ್ ಹಾರ್ನ್ ಒತ್ತಿದ. ಪ್ರೊಫೆಸರರ ತಾಯಿ ಸೊಸೆಗೆ ಹೇಳುವ ಹಾಗೆ ನನಗೆ, ಹತ್ತಿರ ಬಾ ಎಂದು ಕೈಸನ್ನೆ ಮಾಡಿದರು. ನಾನು ಅಲ್ಲಾಡಲಿಲ್ಲ. ಅಪ್ಪನ ಬೆನ್ನನ್ನೇ ನೋಡುತ್ತಿದ್ದೆ. ಬೆವರಿಗೆ ಅಂಗಿ ಬೆನ್ನಿಗಂಟಿ ಇಸ್ತ್ರಿಯೆಲ್ಲ ಹೋಗಿತ್ತು.

"ಕಳಿಸ್ತೇನೆ," ಎಂದ ಅಪ್ಪ. ಅವನು ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಪ್ರೊಫೆಸರರಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ, ಕಿವಿಗೆ ಕೈಯಿಟ್ಟರು. ಅಪ್ಪ ಗಂಟಲು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಹೇಳಿದ. "ಕಳಿಸ್ತೇನೆ ಸ್ವಾಮಿ! ಮದುವೆ ಗಿದುವೆ ಅಂತ ಮಧ್ಯದಲ್ಲಿ ಎಬ್ಬಿಸಿಕೊಂಡು ಬರೋದಿಲ್ಲ. ಓದಿ ಮುಗಿಸ್ಲಿ!"

ಆಮೇಲೆ ಬಸ್ಸಿಗೆ ಇನ್ನೊಂದು ಪೆಟ್ಟು ಹಾಕಿ, "ರೈಟ್!" ಎಂದ. ಬಸ್ಸು ಹೋಯಿತು.

ಜನ ಚದುರಿದರು. ಕೊಪ್ಪದ ಬಸ್ಸು ಪಕ್ಕದಲ್ಲೇ ನಿಂತಿತ್ತು. ಇಬ್ಬರೂ ಹತ್ತಿ ಕೂತೆವು. ಅಪ್ಪ ಕಿಟಕಿಯ ಪಕ್ಕ, ನಾನು ಈಚೆ. ಡ್ರೈವರ್ ಮಾತಿಗೆಳೆದರೂ ಅಪ್ಪ ಹೂಂಗುಟ್ಟಿ ಸುಮ್ಮನಾದ. ಗೆದ್ದದ್ದು ನಾನು, ಖುಷಿಯಾಗಬೇಕಿತ್ತು. ಖುಷಿ ಆಗಲಿಲ್ಲ. ಸಿಟ್ಟು ಇನ್ನೂ ಇತ್ತು, ಜೊತೆಗೆ ಅವನನ್ನು ಬಿಟ್ಟು ಹೋಗಬೇಕಲ್ಲ ಎಂಬ ಸಂಕಟ ಅವತ್ತೇ ಮೊದಲ ಸಲ ಬಂದು ಎದೆಯಲ್ಲಿ ಕೂತಿತ್ತು. ಅದುವರೆಗೆ ಹೋಗುವುದರ ಗಲಾಟೆಯಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ.

ಹರಿಹರಪುರದಲ್ಲಿ ಬಸ್ಸು ನಿಂತಾಗ ನನ್ನಿಂದ ತಡೆಯಲಾಗಲಿಲ್ಲ.

"ಇಷ್ಟೆಲ್ಲ ನಾಟಕ ಯಾಕೆ ಬೇಕಿತ್ತು ಅಪ್ಪ? ಬೇಡ ಅಂತ ಒಂದು ಮಾತು ಹೇಳಿದ್ರೆ ಆಗಿತ್ತಲ್ಲ. ನಾನು ಹೋಗ್ತಾ ಇರ್ಲಿಲ್ಲ."

ಅಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಇದ್ದ.

"ಗೊತ್ತು," ಎಂದ. "ಅದಕ್ಕೇ ಹೇಳ್ಲಿಲ್ಲ."